ಕ್ರಯವೂ ಅಲ್ಲ, ಭೋಗ್ಯವೂ ಅಲ್ಲ: ಡಿಜಿಟಲ್ ಅಂಗಡಿಯಲ್ಲಿ ನಾವು ಕೊಳ್ಳುತ್ತಿರುವುದೇನು?

ಬೆಂಗಳೂರಿನಲ್ಲಿ ಮನೆ ಹುಡುಕುವವರಿಗೆ ಮೂರು ದಾರಿಗಳಿವೆ. ಬಾಡಿಗೆಗೆ ಹೋಗಬಹುದು, ತಿಂಗಳು ತಿಂಗಳು ಹಣ ಕಟ್ಟಬೇಕು, ಮನೆ ಮಾತ್ರ ಮಾಲೀಕನದೇ. ಭೋಗ್ಯಕ್ಕೆ ಪಡೆಯಬಹುದು, ದೊಡ್ಡ ಮೊತ್ತವನ್ನು ಒಮ್ಮೆಲೇ ಕೊಟ್ಟು ಎರಡು ಮೂರು ವರ್ಷ ಇದ್ದು, ಬಿಡುವಾಗ ಆ ಮೊತ್ತವನ್ನು ಹಿಂದಕ್ಕೆ ಪಡೆಯಬಹುದು. ಇಲ್ಲವೇ ಕ್ರಯಕ್ಕೆ ಕೊಳ್ಳಬಹುದು. ನೋಂದಣಿಯಾದ ಮೇಲೆ ಮಾರುವುದು, ಬಾಡಿಗೆಗೆ ಕೊಡುವುದು, ಮಕ್ಕಳಿಗೆ ಬಿಟ್ಟುಹೋಗುವುದು ಎಲ್ಲವೂ ಕೊಂಡವರ ಇಷ್ಟ. ಕಾನೂನು ಓದದ ಅಜ್ಜಿಗೂ ಈ ಮೂರರ ವ್ಯತ್ಯಾಸ ಚೆನ್ನಾಗಿ ಗೊತ್ತು. ಬಾಡಿಗೆ ಕರಾರನ್ನು ಮುಂದಿಟ್ಟು ಕ್ರಯದ ಬೆಲೆ ಕೇಳಿದರೆ ಆಕೆ ಒಂದು ಮಾತೂ ಆಡದೆ ಎದ್ದು ಬರುತ್ತಾಳೆ.

ಮೊಬೈಲ್ ಪರದೆಯ ಮೇಲೆ ‘ಖರೀದಿಸಿ’ ಎಂಬ ಗುಂಡಿಯನ್ನು ಒತ್ತುವ ನಾವು ಹಾಗೆ ಎದ್ದು ಬರುತ್ತಿಲ್ಲ. ಇ-ಪುಸ್ತಕಕ್ಕೆ, ಸಿನಿಮಾಕ್ಕೆ, ಗೇಮ್‌ಗೆ ಪೂರ್ತಿ ಬೆಲೆ ಕೊಡುತ್ತೇವೆ. ಪ್ರತಿಯಾಗಿ ಸಿಗುವುದು ಪರವಾನಗಿ. ಅಮೆಜಾನ್ ಕಂಪನಿಯ ಇ-ಪುಸ್ತಕದ ಅಂಗಡಿಯಾದ ಕಿಂಡಲ್‌ನ ನಿಯಮಾವಳಿ ಇದನ್ನು ಮುಚ್ಚಿಟ್ಟೂ ಇಲ್ಲ. ಇಲ್ಲಿನ ಪುಸ್ತಕಗಳನ್ನು ಮಾರುತ್ತಿಲ್ಲ, ಪರವಾನಗಿಯ ಮೇಲೆ ಕೊಡಲಾಗುತ್ತಿದೆ ಎಂದು ಅದು ನೇರವಾಗಿಯೇ ಹೇಳುತ್ತದೆ. ಆದರೆ ಆ ಮಾತು ಇರುವುದು ಯಾರೂ ಓದದ ಹತ್ತಾರು ಪುಟಗಳ ನಡುವೆ. ‘ಖರೀದಿಸಿ’ ಇರುವುದು ಬೆರಳಿನ ತುದಿಯಲ್ಲಿ. ಈ ವ್ಯವಹಾರ ಕ್ರಯವಲ್ಲ, ಏಕೆಂದರೆ ಮಾರುವ ಹಕ್ಕಿಲ್ಲ. ಭೋಗ್ಯವೂ ಅಲ್ಲ, ಏಕೆಂದರೆ ಬಿಡುವಾಗ ಹಣ ಮರಳುವ ಖಾತರಿಯಿಲ್ಲ. ಬಾಡಿಗೆ ಎನ್ನೋಣವೆಂದರೆ ಅವಧಿಯನ್ನೇ ಹೇಳುವುದಿಲ್ಲ. ಕನ್ನಡದಲ್ಲಿ ಇಂಥ ಸಂಬಂಧಗಳಿಗೆ ಒಂದೊಂದಕ್ಕೂ ಒಂದು ಹೆಸರಿದೆ: ಗೇಣಿ, ಎರವಲು, ಒತ್ತೆ, ಕೈಗಡ. ಇದಕ್ಕೆ ಮಾತ್ರ ಇನ್ನೂ ಹೆಸರಿಲ್ಲ. ಹೆಸರಿಲ್ಲದ ಕಾರಣಕ್ಕೇ ಅದು ‘ಖರೀದಿ’ಯ ವೇಷದಲ್ಲಿ ಓಡಾಡುತ್ತಿದೆ.

ಈ ವೇಷ ಮೊದಲ ಬಾರಿ ಎಲ್ಲರೆದುರು ಕಳಚಿದ್ದು 2009ರ ಜುಲೈನಲ್ಲಿ. ಅಮೆರಿಕದ ಹಲವು ಕಿಂಡಲ್ ಓದುಗರು ಹಣ ಕೊಟ್ಟು ಪಡೆದಿದ್ದ ಎರಡು ಪುಸ್ತಕಗಳು ಅವರ ಯಂತ್ರದಿಂದ ಕಾಣೆಯಾದವು. ಎರಡೂ ಜಾರ್ಜ್ ಆರ್ವೆಲ್‌ನ ಕಾದಂಬರಿಗಳು: ‘1984’ ಮತ್ತು ‘ಅನಿಮಲ್ ಫಾರ್ಮ್’. ಅವನ್ನು ಅಂಗಡಿಗೆ ಏರಿಸಿದ್ದ ಪ್ರಕಾಶಕರಿಗೆ ಅಮೆರಿಕದಲ್ಲಿ ಹಕ್ಕುಗಳಿರಲಿಲ್ಲ. ತಪ್ಪು ತಿಳಿದೊಡನೆ ಅಮೆಜಾನ್ ದೂರದಿಂದಲೇ ಪುಸ್ತಕಗಳನ್ನು ಅಳಿಸಿ ಹಣವನ್ನು ಮರಳಿಸಿತು. ಮಿಷಿಗನ್‌ನ ಒಬ್ಬ ಶಾಲಾ ವಿದ್ಯಾರ್ಥಿ ತನ್ನ ಪಾಠಕ್ಕಾಗಿ ಆ ಕಾದಂಬರಿಗೆ ಟಿಪ್ಪಣಿ ಬರೆದುಕೊಂಡಿದ್ದ. ಟಿಪ್ಪಣಿಗಳು ಉಳಿದವು, ಆದರೆ ಅವು ಯಾವ ಸಾಲನ್ನು ಕುರಿತು ಬರೆದವೋ ಆ ಸಾಲೇ ಇರಲಿಲ್ಲ. ಆತ ನ್ಯಾಯಾಲಯಕ್ಕೆ ಹೋದ. ಒಂದೂವರೆ ಲಕ್ಷ ಡಾಲರ್‌ಗೆ ರಾಜಿಯಾಯಿತು. ಕಂಪನಿಯ ಆಗಿನ ಮುಖ್ಯಸ್ಥ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಿದರು.

ಹಣ ಮರಳಿತಲ್ಲ, ಇನ್ನೇನು ಎಂದು ಕೇಳುವವರಿದ್ದಾರೆ. ನನಗೆ ಈ ಪ್ರಕರಣದಲ್ಲಿ ಮುಖ್ಯವಾಗಿ ಕಾಣುವುದು ಹಣವಲ್ಲ, ಕೈ ಎಷ್ಟು ದೂರ ಚಾಚುತ್ತದೆ ಎಂಬುದು. ಪುಸ್ತಕದಂಗಡಿಯವರು ತಪ್ಪಾಗಿ ಮಾರಿದ ಪ್ರತಿಯನ್ನು ಮರಳಿ ಪಡೆಯಬೇಕಾದರೆ ನಮ್ಮ ಮನೆ ಬಾಗಿಲು ತಟ್ಟಬೇಕು, ಕಾರಣ ಹೇಳಬೇಕು, ಒಪ್ಪಿಸಬೇಕು. ರಾತ್ರಿ ಬೀಗ ತೆಗೆದು ಒಳಬಂದು, ಕಪಾಟಿನಿಂದ ಎತ್ತಿಕೊಂಡು, ಮೇಜಿನ ಮೇಲೆ ಹಣ ಇಟ್ಟು ಹೋದರೆ ಅದನ್ನು ಯಾರೂ ವ್ಯಾಪಾರ ಎನ್ನುವುದಿಲ್ಲ.

2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಜುಲೈ ಹೊತ್ತಿಗೆ ಅಲ್ಲಿ ಕೊಂಡ ಯಾವ ಪುಸ್ತಕವೂ ತೆರೆಯಲಿಲ್ಲ. ಪೂರ್ತಿ ಹಣ ಮರಳಿತು. ಪುಸ್ತಕದಲ್ಲಿ ಗುರುತು, ಟಿಪ್ಪಣಿ ಹಾಕಿಕೊಂಡಿದ್ದವರಿಗೆ ಹೆಚ್ಚುವರಿಯಾಗಿ 25 ಡಾಲರ್ ಸಿಕ್ಕಿತು. ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆಯುತ್ತ ಓದುವ ಅಭ್ಯಾಸ ಇರುವವರಿಗೆ ಆ 25 ಡಾಲರ್ ಎಷ್ಟು ಅಲ್ಪ ಎಂಬುದು ತಿಳಿಯುತ್ತದೆ. 2023ರ ಡಿಸೆಂಬರ್‌ನಲ್ಲಿ ಸೋನಿ ಕಂಪನಿ ಪ್ಲೇಸ್ಟೇಷನ್ ಗ್ರಾಹಕರು ಖರೀದಿಸಿದ್ದ ಡಿಸ್ಕವರಿ ವಾಹಿನಿಯ ಕಾರ್ಯಕ್ರಮಗಳನ್ನು ವರ್ಷದ ಕೊನೆಗೆ ತೆಗೆದುಹಾಕುವುದಾಗಿ ಹೇಳಿತು. ಜನ ಸಿಟ್ಟಿಗೆದ್ದ ಮೇಲೆ, ಒಪ್ಪಂದ ಹೊಸದಾಗಿ ಕುದುರಿದ್ದರಿಂದ, ಆ ನಿರ್ಧಾರ ಹಿಂದೆ ಸರಿಯಿತು.

ಇವೆಲ್ಲ ದೂರದ ಮಾತು ಎನ್ನುವಂತಿಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ಫ್ಲಿಪ್‌ಕಾರ್ಟ್ ಎರಡು ಡಿಜಿಟಲ್ ಅಂಗಡಿಗಳನ್ನು ತೆರೆದು ಎರಡನ್ನೂ ಮುಚ್ಚಿತು. ಈ ಎರಡು ಮುಚ್ಚುವಿಕೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ವಿಷಯದ ತಿರುಳು ಸಿಗುತ್ತದೆ. 2012ರಲ್ಲಿ ಆರಂಭವಾದ ಸಂಗೀತದ ಅಂಗಡಿ ‘ಫ್ಲೈಟ್’ ಬೀಗವಿಲ್ಲದ, ಅಂದರೆ ನಕಲು ತಡೆಯುವ ತಾಂತ್ರಿಕ ಕಟ್ಟುಪಾಡಿಲ್ಲದ, ಎಂಪಿ3 ಕಡತಗಳನ್ನು ಮಾರುತ್ತಿತ್ತು. 2013ರಲ್ಲಿ ಅಂಗಡಿ ಮುಚ್ಚಿತು, ಆದರೆ ಕಡತವನ್ನು ಇಳಿಸಿಟ್ಟುಕೊಂಡವರ ಬಳಿ ಆ ಹಾಡುಗಳು ಇಂದಿಗೂ ಇವೆ. ಯಾವ ಯಂತ್ರದಲ್ಲಿ ಹಾಕಿದರೂ ಹಾಡುತ್ತವೆ. ಇ-ಪುಸ್ತಕದ ಅಂಗಡಿ ಮುಚ್ಚಿದ್ದು 2015ರ ಡಿಸೆಂಬರ್‌ನಲ್ಲಿ. ಅಲ್ಲಿ ಪುಸ್ತಕಗಳು ಆ್ಯಪ್‌ನೊಳಗೆ ಬೀಗ ಹಾಕಿಕೊಂಡು ಕೂತಿದ್ದವು. ಹಾಗಾಗಿ ಗ್ರಾಹಕರನ್ನು ಕೋಬೊ ಎಂಬ ಇನ್ನೊಂದು ಕಂಪನಿಗೆ ದಾಟಿಸಬೇಕಾಯಿತು. ಒಂದೇ ಮಾಲೀಕ, ಒಂದೇ ಊರು, ಹೆಚ್ಚುಕಡಿಮೆ ಒಂದೇ ಗ್ರಾಹಕವರ್ಗ. ಕೊಂಡದ್ದು ಕೊಂಡವರ ಬಳಿ ಉಳಿಯಿತೋ ಇಲ್ಲವೋ ಎಂಬುದನ್ನು ತೀರ್ಮಾನಿಸಿದ್ದು ಕಾಗದವೋ ಡಿಜಿಟಲ್ಲೋ ಎಂಬ ಭೇದವಲ್ಲ. ಕಡತ ಕೈಗೆ ಬಂದಿತ್ತೋ ಇಲ್ಲವೋ ಎಂಬುದು.

ಇದನ್ನೇ ತಿರುವಿ ಹಾಕಿ ನೋಡಬೇಕಾದ ಪ್ರಕರಣವೂ ಒಂದಿದೆ. ಯೂಬಿಸಾಫ್ಟ್ ಕಂಪನಿಯ ‘ದಿ ಕ್ರೂ’ ಎಂಬ ಕಾರು ಓಟದ ಗೇಮ್ 2014ರಲ್ಲಿ ಬಂತು. ಅನೇಕರು ಅದರ ಡಿಸ್ಕ್ ಕೊಂಡರು. ಅಂಗಡಿಯಿಂದ ತಂದ, ಪೆಟ್ಟಿಗೆಯಲ್ಲಿಟ್ಟ, ಕೈಯಲ್ಲಿ ಹಿಡಿಯಬಹುದಾದ ಡಿಸ್ಕ್. 2024ರ ಮಾರ್ಚ್ ಕೊನೆಗೆ ಕಂಪನಿ ತನ್ನ ಸರ್ವರ್‌ಗಳನ್ನು ನಿಲ್ಲಿಸಿತು. ಆಟ ಒಬ್ಬರೇ ಆಡುವುದಕ್ಕೂ ಆ ಸರ್ವರ್ ಬೇಕಾಗಿದ್ದರಿಂದ ಎಲ್ಲ ಡಿಸ್ಕ್‌ಗಳೂ ಅಂದೇ ನಿರುಪಯೋಗಿಯಾದವು. 2025ರಲ್ಲಿ ಬಂದ ನಿಂಟೆಂಡೊ ಸ್ವಿಚ್ 2ರ ಹಲವು ಆಟಗಳಲ್ಲಿ ಇನ್ನೂ ಮುಂದಿನ ಹಂತ ಕಾಣುತ್ತದೆ: ಪೆಟ್ಟಿಗೆಯಲ್ಲಿ ಬರುವ ಕಾರ್ಡ್‌ನಲ್ಲಿ ಆಟವೇ ಇರುವುದಿಲ್ಲ, ಆಟವನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಲು ಬೇಕಾದ ಕೀಲಿ ಮಾತ್ರ ಇರುತ್ತದೆ. ಆದ್ದರಿಂದ ‘ಭೌತಿಕ ಪ್ರತಿ ಕೊಂಡರೆ ಸಾಕು’ ಎನ್ನುವವರ ಮಾತು ನನಗೆ ಅರ್ಧ ಮಾತ್ರ ಒಪ್ಪಿಗೆ. ತೂಕವಿರುವ ವಸ್ತು ನಮ್ಮ ಕಪಾಟಿನಲ್ಲಿದ್ದರೂ ಅದರ ಬೀಗದ ಕೈ ಬೇರೆಯವರ ಜೇಬಿನಲ್ಲಿರಬಹುದು.

ಇದು ಹೇಗೆ ಸಾಧ್ಯವಾಯಿತು? ಕಾನೂನಿನ ಕಥೆ ಸ್ವಲ್ಪ ಹಿಂದಿನಿಂದ ಶುರುವಾಗುತ್ತದೆ. ಮುದ್ರಿತ ಪುಸ್ತಕವನ್ನೂ ‘ಮಾರಿಲ್ಲ, ಪರವಾನಗಿ ಕೊಟ್ಟಿದ್ದೇವೆ’ ಎಂದು ವಾದಿಸಿದ ಪ್ರಕಾಶಕರು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಇದ್ದರು. ಅಮೆರಿಕದ ಬಾಬ್ಸ್-ಮೆರಿಲ್ ಸಂಸ್ಥೆ ತನ್ನ ಒಂದು ಕಾದಂಬರಿಯ ಹಕ್ಕುಸ್ವಾಮ್ಯದ ಸೂಚನೆಯ ಕೆಳಗೆ, ಇದನ್ನು ಒಂದು ಡಾಲರ್‌ಗಿಂತ ಕಡಿಮೆಗೆ ಮಾರಲು ಯಾವ ವ್ಯಾಪಾರಿಗೂ ಪರವಾನಗಿಯಿಲ್ಲ ಎಂದು ಅಚ್ಚು ಹಾಕಿಸಿತು. ನ್ಯೂಯಾರ್ಕ್‌ನ ಮೇಸೀಸ್ ಅಂಗಡಿ ಅದನ್ನು 89 ಸೆಂಟ್‌ಗೆ ಮಾರಿತು. ಪ್ರಕರಣ ಸುಪ್ರೀಂ ಕೋರ್ಟ್‌ಗೆ ಹೋಯಿತು. 1908ರಲ್ಲಿ ಬಂದ ತೀರ್ಪು ಪ್ರಕಾಶಕರ ವಿರುದ್ಧವಾಗಿತ್ತು: ಪ್ರತಿಯನ್ನು ಒಮ್ಮೆ ಮಾರಿದ ಮೇಲೆ ಆ ಪ್ರತಿಯ ಮುಂದಿನ ಮಾರಾಟದ ಮೇಲೆ ಹಕ್ಕುಸ್ವಾಮ್ಯ ಕಾನೂನು ಪ್ರಕಾಶಕರಿಗೆ ಹಿಡಿತ ಕೊಡುವುದಿಲ್ಲ. ಕೃತಿಯ ಹಕ್ಕು ಬೇರೆ, ಪ್ರತಿಯ ಒಡೆತನ ಬೇರೆ ಎಂಬ ಗೆರೆ ಅಲ್ಲಿ ಸ್ಪಷ್ಟವಾಯಿತು.

ನಮ್ಮಲ್ಲೂ ಈ ಗೆರೆ ಇದೆ. 1957ರ ಭಾರತದ ಹಕ್ಕುಸ್ವಾಮ್ಯ ಕಾಯ್ದೆಯ 14ನೆಯ ಸೆಕ್ಷನ್ ಕೃತಿಯ ಪ್ರತಿಗಳನ್ನು ಸಾರ್ವಜನಿಕರಿಗೆ ಹೊರತರುವ ಹಕ್ಕನ್ನು ಹಕ್ಕುದಾರರಿಗೆ ಕೊಡುತ್ತದೆ, ಆದರೆ ಈಗಾಗಲೇ ಚಲಾವಣೆಯಲ್ಲಿರುವ ಪ್ರತಿಗಳನ್ನು ಅದರಿಂದ ಹೊರಗಿಡುತ್ತದೆ. ಒಮ್ಮೆ ಮಾರಾಟವಾದ ಪ್ರತಿ ಚಲಾವಣೆಯಲ್ಲಿದೆ ಎಂದೇ ಲೆಕ್ಕ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳು ನಿಂತಿರುವುದು ಈ ಒಂದು ವಾಕ್ಯದ ಮೇಲೆ. ಪಿಯುಸಿ ಮುಗಿಸಿದವರು ತಮ್ಮ ಪಠ್ಯವನ್ನು ಅಲ್ಲಿ ಕೊಟ್ಟು, ಇನ್ನೊಬ್ಬರು ಬಿಟ್ಟುಹೋದ ಎಂಜಿನಿಯರಿಂಗ್ ಪುಸ್ತಕವನ್ನು ಅರ್ಧ ಬೆಲೆಗೆ ಒಯ್ಯುವುದು, ಗೆಳತಿಯ ಕೈಯಿಂದ ಕಾದಂಬರಿ ಓದಲು ತರುವುದು, ತೀರಿಕೊಂಡ ಮೇಷ್ಟ್ರ ಮನೆಯ ಸಂಗ್ರಹ ಊರಿನ ಶಾಲೆಗೆ ಸೇರುವುದು, ಇವೆಲ್ಲ ಈ ವಾಕ್ಯದಿಂದಲೇ ಸಲೀಸಾಗಿ ನಡೆಯುತ್ತಿವೆ. ಯಾರೂ ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ.

ಡಿಜಿಟಲ್ ಕಡತದ ವಿಷಯದಲ್ಲಿ ಈ ವಾಕ್ಯ ಎಡವುತ್ತದೆ, ಅದಕ್ಕೆ ಕಾರಣ ಯಂತ್ರದ ಸ್ವಭಾವ. ಪುಸ್ತಕವನ್ನು ನಾನು ನಿಮಗೆ ಕೊಟ್ಟರೆ ನನ್ನ ಕೈ ಬರಿದಾಗುತ್ತದೆ. ಕಡತವನ್ನು ಕಳಿಸಿದರೆ ನಿಮ್ಮ ಯಂತ್ರದಲ್ಲಿ ಹೊಸ ಪ್ರತಿಯೊಂದು ಹುಟ್ಟುತ್ತದೆ, ನನ್ನದು ನನ್ನಲ್ಲೇ ಇರುತ್ತದೆ. ಪ್ರತಿ ಮಾಡುವ ಹಕ್ಕು ಹಕ್ಕುದಾರರದು. ಅಮೆರಿಕದ ರೀಡಿಜಿ ಎಂಬ ಸಂಸ್ಥೆ ಇದಕ್ಕೊಂದು ಉಪಾಯ ಹುಡುಕಿತ್ತು: ಹಾಡಿನ ಕಡತ ಒಬ್ಬರಿಂದ ಹೊರಟಂತೆಲ್ಲ ಅವರ ಯಂತ್ರದಿಂದ ಅಳಿಯುತ್ತ ಹೋಗುವ ಏರ್ಪಾಡು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೂ ಒಪ್ಪಲಿಲ್ಲ. ಎಷ್ಟು ಅಳಿಸಿದರೂ ಹುಟ್ಟಿದ್ದು ಹೊಸ ಪ್ರತಿಯೇ ಎಂದಿತು. ಐರೋಪ್ಯ ನ್ಯಾಯಾಲಯ 2012ರಲ್ಲಿ ತಂತ್ರಾಂಶದ ಬಳಸಿದ ಪರವಾನಗಿಗಳನ್ನು ಮರುಮಾರಾಟ ಮಾಡಬಹುದು ಎಂದು ಹೇಳಿತ್ತು. ಇ-ಪುಸ್ತಕದ ಪ್ರಶ್ನೆ ಬಂದಾಗ, 2019ರಲ್ಲಿ, ಆಗದು ಎಂದಿತು. ನ್ಯಾಯಾಧೀಶರ ತರ್ಕದಲ್ಲಿ ಹುರುಳಿದೆ. ಸವೆಯದ, ಹರಿಯದ ಪ್ರತಿಯೊಂದು ಕ್ಷಣದಲ್ಲಿ ಲೋಕವೆಲ್ಲ ಸುತ್ತಿದರೆ ಬರೆದವರಿಗೆ ಏನು ಉಳಿಯುತ್ತದೆ ಎಂಬ ಭಯ ನಿಜವಾದದ್ದು. ಕನ್ನಡದಲ್ಲಿ ಪುಸ್ತಕವೊಂದು ಪಿಡಿಎಫ್ ಆಗಿ ಟೆಲಿಗ್ರಾಂ ಗುಂಪುಗಳಲ್ಲಿ ಹರಿದಾಡಿದಾಗ ಸಾವಿರ ಪ್ರತಿ ಮುದ್ರಿಸಿದ ಸಣ್ಣ ಪ್ರಕಾಶಕರಿಗೆ ಆಗುವ ನಷ್ಟ ಲೆಕ್ಕಕ್ಕೆ ಸಿಗದಂಥದ್ದು. ನಾನು ಅದನ್ನು ಸಮರ್ಥಿಸುವವನಲ್ಲ.

ಆದರೆ ಕಳ್ಳತನದ ಭಯಕ್ಕೆ ಹಾಕಿದ ಬೀಗ ಕೊಂಡವರ ಹಕ್ಕನ್ನೂ ಸೇರಿಸಿಯೇ ಮುಚ್ಚಿತು. ಆ ಬೀಗಕ್ಕೆ ಕಾನೂನಿನ ಕಾವಲೂ ಇದೆ. 2012ರ ತಿದ್ದುಪಡಿ ನಮ್ಮ ಕಾಯ್ದೆಗೆ 65ಎ ಸೆಕ್ಷನ್ ಸೇರಿಸಿತು: ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ. ‘ಉದ್ದೇಶದಿಂದ’ ಎಂಬ ಆ ಒಂದು ಪದ ಬಹಳ ಮುಖ್ಯ. 1998ರ ಅಮೆರಿಕದ ಕಾನೂನು ಬೀಗ ಮುರಿಯುವುದನ್ನೇ ಅಪರಾಧವಾಗಿ ನೋಡಿದರೆ ನಮ್ಮದು ಏಕೆ ಮುರಿದಿರಿ ಎಂದು ಕೇಳುತ್ತದೆ. ಸಂಸತ್ತು ಅಲ್ಲಿ ಯೋಚಿಸಿ ಹೆಜ್ಜೆ ಇಟ್ಟಿದೆ.

ಒಬ್ಬೊಬ್ಬ ಓದುಗನ ನಷ್ಟಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಗ್ರಂಥಾಲಯದ ಸ್ಥಿತಿ. ಗ್ರಂಥಾಲಯ ಎಂಬ ಸಂಸ್ಥೆ ನಿಂತಿರುವುದೇ ಕೊಂಡ ಪ್ರತಿಯನ್ನು ಯಾರಿಗೆ ಬೇಕಾದರೂ, ಎಷ್ಟು ಸಲ ಬೇಕಾದರೂ ಎರವಲು ಕೊಡಬಹುದು ಎಂಬ ನಂಬಿಕೆಯ ಮೇಲೆ. 2011ರಲ್ಲಿ ಹಾರ್ಪರ್ ಕಾಲಿನ್ಸ್ ಸಂಸ್ಥೆ ಅಮೆರಿಕದ ಗ್ರಂಥಾಲಯಗಳಿಗೆ ಕೊಡುವ ಇ-ಪುಸ್ತಕಕ್ಕೆ 26 ಎರವಲುಗಳ ಮಿತಿ ಹಾಕಿತು. 26 ಜನ ಓದಿದ ಮೇಲೆ ಮತ್ತೆ ಹಣ ಕಟ್ಟಬೇಕು. ಬೇರೆ ದೊಡ್ಡ ಪ್ರಕಾಶಕರು ಎರಡು ವರ್ಷದ ಪರವಾನಗಿಯ ದಾರಿ ಹಿಡಿದರು. ನಮ್ಮ ತಾಲ್ಲೂಕು ಗ್ರಂಥಾಲಯಗಳಲ್ಲಿ ರಟ್ಟು ಹರಿದು, ಮತ್ತೆ ಹೊಲಿದು, ಮೂವತ್ತು ನಲವತ್ತು ವರ್ಷ ಓಡಾಡಿದ ಕಾದಂಬರಿಗಳಿವೆ. ಹಿಂಬದಿಯ ಚೀಟಿಯಲ್ಲಿ ದಿನಾಂಕದ ಮುದ್ರೆಗಳು ಜಾಗವಿಲ್ಲದೆ ಒಂದರ ಮೇಲೊಂದು ಬಿದ್ದಿರುತ್ತವೆ. ಅಂಥ ಪುಸ್ತಕವನ್ನು 26ಕ್ಕೆ ನಿಲ್ಲಿಸುವುದು ಎಂದರೇನು ಎಂದು ಯೋಚಿಸಿ ನೋಡಿ.

ಅಮೆರಿಕದ ಡಿಜಿಟಲ್ ಗ್ರಂಥಾಲಯವಾದ ಇಂಟರ್ನೆಟ್ ಆರ್ಕೈವ್ ಬೇರೊಂದು ದಾರಿ ತುಳಿಯಿತು. ತನ್ನ ಬಳಿ ಇರುವ ಕಾಗದದ ಪುಸ್ತಕವನ್ನು ಸ್ಕ್ಯಾನ್ ಮಾಡಿ, ಒಂದು ಪ್ರತಿಗೆ ಒಬ್ಬ ಓದುಗನಂತೆ ಎರವಲು ಕೊಡುವುದು. 2020ರ ಮಾರ್ಚ್‌ನಲ್ಲಿ, ಕೋವಿಡ್‌ನಿಂದ ಗ್ರಂಥಾಲಯಗಳು ಮುಚ್ಚಿದ್ದಾಗ, ಅದು ಈ ಒಬ್ಬರ ಮಿತಿಯನ್ನೂ ತೆಗೆಯಿತು. ಅದೊಂದು ದುಡುಕಿನ ನಿರ್ಧಾರ ಎಂದೇ ನನ್ನ ಎಣಿಕೆ. ಜೂನ್‌ನಲ್ಲಿ ನಾಲ್ಕು ದೊಡ್ಡ ಪ್ರಕಾಶಕರು ಮೊಕದ್ದಮೆ ಹೂಡಿದರು. 2023ರಲ್ಲಿ ಕೆಳಗಿನ ನ್ಯಾಯಾಲಯ, 2024ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ, ಎರಡೂ ಪ್ರಕಾಶಕರ ಪರವಾಗಿ ತೀರ್ಪು ಕೊಟ್ಟವು. ಐದು ಲಕ್ಷದಷ್ಟು ಪುಸ್ತಕಗಳು ಎರವಲಿನಿಂದ ಹೊರಬಿದ್ದವು.

ಭಾರತ ಈಗ ಇದೇ ಪ್ರಶ್ನೆಯ ದೊಡ್ಡ ರೂಪದ ಮುಂದೆ ನಿಂತಿದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು: 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ವಿದ್ವತ್ ಪತ್ರಿಕೆಗಳು, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು, ಸುಮಾರು 1.8 ಕೋಟಿ ವಿದ್ಯಾರ್ಥಿಗಳು ಮತ್ತು ಸಂಶೋಧಕರು. ಕಲಬುರಗಿಯ ವಿದ್ಯಾರ್ಥಿನಿಗೂ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಸಂಶೋಧಕನಿಗೂ ಒಂದೇ ಲೇಖನ ಒಂದೇ ದಿನ ತೆರೆಯುತ್ತದೆ ಎಂಬುದು ಸಣ್ಣ ಮಾತಲ್ಲ, ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಇದು ಚಂದಾ. ಹಿಂದೆ ಕಾಲೇಜೊಂದು ಹಣದ ಅಡಚಣೆಯಿಂದ ಪತ್ರಿಕೆಯ ಚಂದಾ ನಿಲ್ಲಿಸಿದರೆ ಹೊಸ ಸಂಚಿಕೆ ನಿಲ್ಲುತ್ತಿತ್ತು, ಹಳೆಯ ಸಂಪುಟಗಳು ರಟ್ಟು ಕಟ್ಟಿಸಿಕೊಂಡು ಕಪಾಟಿನಲ್ಲಿ ಇರುತ್ತಿದ್ದವು. ಚಂದಾ ಮುಗಿದ ಮೇಲೂ ಹಣ ಕಟ್ಟಿದ ವರ್ಷಗಳ ಲೇಖನಗಳು ಉಳಿಯುತ್ತವೆಯೇ ಎಂಬುದನ್ನು ಪ್ರತಿ ಪ್ರಕಾಶಕರ ಕರಾರಿನಲ್ಲೂ ನಮ್ಮ ಗ್ರಂಥಪಾಲಕರು ಬರಹದಲ್ಲಿ ಪಡೆಯಬೇಕು. ಮೂರು ವರ್ಷ ಬೇಗ ಮುಗಿಯುತ್ತದೆ.

ಕರ್ನಾಟಕದಲ್ಲಿ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರವಿದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಕೊಡುಗೆ ಅದು. ಆ ಹಣದಿಂದ ಕೊಂಡದ್ದು ಜನರ ಸ್ವತ್ತಾಗಿ ಉಳಿಯುತ್ತದೆ ಎಂಬುದೇ ಆ ಕರದ ಹಿಂದಿನ ನ್ಯಾಯ. ಅದೇ ಹಣದಿಂದ ಅವಧಿ ಮುಗಿಯುವ ಪರವಾನಗಿ ಪಡೆಯುವುದಾದರೆ ಜನರಿಗೆ ಅದನ್ನು ಬಿಡಿಸಿ ಹೇಳಬೇಕು.

ಇನ್ನೊಂದು ಸಂಗತಿ ಇದಕ್ಕಿಂತ ನಿಧಾನವಾಗಿ ಕಾಡುವಂಥದ್ದು. ಹಳೆಯ ಕನ್ನಡ ಪುಸ್ತಕಗಳನ್ನು ಇಂದು ಅಂತರ್ಜಾಲದಲ್ಲಿ ಓದಲು ಸಾಧ್ಯವಾಗಿರುವುದು ಬೆಂಗಳೂರಿನ ಉತ್ಸಾಹಿಗಳು ಸ್ಕ್ಯಾನರ್ ಮುಂದೆ ಕೂತು ಒಂದೊಂದೇ ಪುಟ ತಿರುವಿದ್ದರಿಂದ. ಅವರ ಮುಂದಿದ್ದ ಪ್ರತಿಯೊಂದೂ ಯಾರದೋ ಕಪಾಟಿನಿಂದ ಬಂದದ್ದು. ನಮ್ಮ ಕಾನೂನಿನಲ್ಲಿ ಹಕ್ಕುಸ್ವಾಮ್ಯ ಲೇಖಕರ ನಿಧನಾನಂತರ 60 ವರ್ಷ ಇರುತ್ತದೆ. 1997ರಲ್ಲಿ ತೀರಿಕೊಂಡ ಶಿವರಾಮ ಕಾರಂತರ ಕೃತಿಗಳು 2058ರ ಆರಂಭದಲ್ಲಿ ಎಲ್ಲರ ಸ್ವತ್ತಾಗುತ್ತವೆ. ಅಂದು ಅವುಗಳ ಕಾಗದದ ಪ್ರತಿಗಳು ನೂರಾರು ಮನೆಗಳಲ್ಲಿ ಇರುತ್ತವೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಇಂದು ಆ್ಯಪ್‌ನಲ್ಲಿ ಮಾತ್ರ ಹೊರಬಂದ ಒಂದು ಕಥಾಸಂಕಲನ ಶತಮಾನದ ಕೊನೆಗೆ ಹಕ್ಕುಮುಕ್ತವಾದಾಗ ಅದನ್ನು ಯಾವ ಕಪಾಟಿನಿಂದ ತೆಗೆಯುವುದು? 1954ರ ಪುಸ್ತಕಗಳ ರವಾನೆ ಕಾಯ್ದೆಯಂತೆ ಪ್ರತಿ ಪ್ರಕಾಶಕರೂ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಆ ಕಾಯ್ದೆಯ ಕಣ್ಣಿಗೆ ಬೀಳುವುದು ಅಚ್ಚಾದದ್ದು ಮಾತ್ರ. ಕಲ್ಲಚ್ಚಿನ ಕಾಲದ ಮಾತು ಇಂದಿಗೂ ಅದರ ವ್ಯಾಖ್ಯೆಯಲ್ಲಿದೆ. ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್‌ಗೆ 2012ರಲ್ಲಿ ಸೇರಿದ ಒಂದು ಉಪಬಂಧ ಸಾರ್ವಜನಿಕ ಗ್ರಂಥಾಲಯಗಳು ಸಂರಕ್ಷಣೆಗಾಗಿ ಕೃತಿಯ ಡಿಜಿಟಲ್ ಪ್ರತಿ ಇಟ್ಟುಕೊಳ್ಳಲು ಅವಕಾಶ ಕೊಡುತ್ತದೆ, ಆದರೆ ಡಿಜಿಟಲ್ ಅಲ್ಲದ ಪ್ರತಿ ಮೊದಲೇ ಅಲ್ಲಿದ್ದರೆ ಮಾತ್ರ. ಡಿಜಿಟಲ್ ಆಗಿಯೇ ಹುಟ್ಟಿದ ಪುಸ್ತಕ ಎರಡು ಕಾನೂನುಗಳ ನಡುವಿನ ಸಂದಿಯಲ್ಲಿ ಬೀಳುತ್ತದೆ.

ಪ್ರತಿಗಳ ಬೆಲೆ ಏನೆಂಬುದು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದ ವಿಷಯವಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯ ಮೇಲೆ ಬರೆಯಿಸಿ ಹಂಚಿದಳು ಎಂದು ನಮ್ಮ ಸಾಹಿತ್ಯ ಪರಂಪರೆ ಹೇಳುತ್ತದೆ. ಮುದ್ರಣವಿಲ್ಲದ ಕಾಲದಲ್ಲಿ ಸಾವಿರ ಎಂದರೆ ಸಾವಿರ ಸಲ ಯಾರೋ ಓಲೆಯ ಮೇಲೆ ಮೊದಲಿನಿಂದ ಕೈಯಾರೆ ಬರೆದರು ಎಂದರ್ಥ. ಇದಕ್ಕೆ ಎದುರಾಗಿ ಮೂಡುಬಿದಿರೆಯ ಕಥೆಯಿದೆ. ದಿಗಂಬರ ಜೈನರ ಪರಮ ಪವಿತ್ರ ಸಿದ್ಧಾಂತ ಗ್ರಂಥಗಳಾದ ಧವಲ, ಜಯಧವಲಗಳ ಹಳಗನ್ನಡ ಲಿಪಿಯ ಓಲೆಗಳು ಅಲ್ಲಿನ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಶತಮಾನಗಳ ಕಾಲ ಅವು ದರ್ಶನಕ್ಕಿದ್ದವೇ ಹೊರತು ಓದಿಗಿರಲಿಲ್ಲ. ಭಕ್ತಿಯಿಂದಲೇ ಕಾದಿಟ್ಟಿದ್ದರು, ಆ ಕಾವಲು ಇಲ್ಲದಿದ್ದರೆ ಅವು ಉಳಿಯುತ್ತಲೂ ಇರಲಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಕಲು ಮಾಡುವ ಕೆಲಸ ಶುರುವಾಗಿ, ಆ ನಕಲು ಹೊರಗೆ ಹೋಗಿ, 1939ರಿಂದ ಅಚ್ಚಾಗತೊಡಗಿದ ಮೇಲೆಯೇ ವಿದ್ವಾಂಸರಿಗೆ ಅವುಗಳೊಳಗೆ ಏನಿದೆ ಎಂಬುದು ತಿಳಿದದ್ದು. ಒಂದೇ ಕಡೆ, ಒಬ್ಬರದೇ ಬೀಗದಡಿ ಇದ್ದ ಓಲೆಗಳಿಗೆ ಗೆದ್ದಲೋ ಬೆಂಕಿಯೋ ಬಿದ್ದಿದ್ದರೆ?

ಭೌತಿಕವಾದದ್ದೆಲ್ಲ ಉಳಿಯುತ್ತದೆ ಎಂಬ ಭ್ರಮೆಯೂ ನನಗಿಲ್ಲ. 1934ರಲ್ಲಿ ತೆರೆಗೆ ಬಂದ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ದ ಒಂದೇ ಒಂದು ಪ್ರಿಂಟ್ ನಮಗೆ ಉಳಿದಿಲ್ಲ. ಅದು ಫಿಲ್ಮಿನ ಮೇಲೆ ಇದ್ದದ್ದು, ತೂಗಬಹುದಾಗಿದ್ದದ್ದು, ಪೆಟ್ಟಿಗೆಯಲ್ಲಿ ಊರೂರು ಸುತ್ತಿದ್ದದ್ದು. ಪ್ರತಿಗಳು ಕೆಲವೇ ಇದ್ದವು, ಅವು ವಿತರಕರ ಕೈಯಲ್ಲಿದ್ದವು, ಪ್ರೇಕ್ಷಕರ ಮನೆಯಲ್ಲಿ ಒಂದೂ ಇರಲಿಲ್ಲ. ಇಂದು ಒಟಿಟಿಯಲ್ಲಿ ಮಾತ್ರ ಬಿಡುಗಡೆಯಾಗುವ ಚಿತ್ರವೂ ಪ್ರೇಕ್ಷಕರ ಮನೆಯಲ್ಲಿರುವುದಿಲ್ಲ. 2022 ಮತ್ತು 2023ರಲ್ಲಿ ಎಚ್‌ಬಿಒ ಮ್ಯಾಕ್ಸ್, ಡಿಸ್ನಿ ಪ್ಲಸ್ ವೇದಿಕೆಗಳು ತಾವೇ ನಿರ್ಮಿಸಿದ ಸರಣಿಗಳನ್ನು ಲೆಕ್ಕಪತ್ರದ ಕಾರಣಕ್ಕೆ ತಮ್ಮ ಪಟ್ಟಿಯಿಂದಲೇ ಕಿತ್ತುಹಾಕಿದ್ದನ್ನು ಇಲ್ಲಿ ನೆನೆಯಬೇಕು.

ಚಂದಾ ಪದ್ಧತಿಯ ಮೇಲೆ ನನಗೆ ಸಿಟ್ಟಿಲ್ಲ. ತಿಂಗಳಿಗಿಷ್ಟು ಎಂದು ಕೊಟ್ಟು ಹಾಡು ಕೇಳುವುದು ಪ್ರಾಮಾಣಿಕ ಬಾಡಿಗೆ. ಏರ್‌ಟೆಲ್ ತನ್ನ ವಿಂಕ್ ಸಂಗೀತ ಸೇವೆಯನ್ನು 2024ರಲ್ಲಿ ನಿಲ್ಲಿಸಿದಾಗ ಬೇಸರವಾಯಿತೇ ಹೊರತು ಮೋಸ ಎನಿಸಲಿಲ್ಲ. ದುಬೈನಲ್ಲೋ ಡಲ್ಲಾಸ್‌ನಲ್ಲೋ ಇರುವ ಕನ್ನಡಿಗರಿಗೆ ಇ-ಪುಸ್ತಕ ಅಂಚೆ ವೆಚ್ಚವಿಲ್ಲದೆ ಒಂದು ನಿಮಿಷದಲ್ಲಿ ಸಿಗುತ್ತದೆ. ಕಣ್ಣು ಮಂಜಾದ ನನ್ನ ತಾಯಿ ಅಕ್ಷರವನ್ನು ದೊಡ್ಡದು ಮಾಡಿಕೊಂಡು ಓದಲು ಸಾಧ್ಯವಾದದ್ದು ಪರದೆಯಿಂದಲೇ. ಬಾಡಿಗೆಯನ್ನು ಬಾಡಿಗೆ ಎಂದು, ಕ್ರಯವನ್ನು ಕ್ರಯ ಎಂದು ಕರೆಯಿರಿ ಎಂಬುದಷ್ಟೇ ನನ್ನ ಕೋರಿಕೆ. ಕ್ರಯದ ಬೆಲೆ ತೆಗೆದುಕೊಂಡಿರೋ, ಪ್ರತಿಯನ್ನು ಕೈಗೆ ಕೊಡಿ.

ಕರೆಯುವ ಹೆಸರಿನ ವಿಷಯದಲ್ಲಿ ಕ್ಯಾಲಿಫೋರ್ನಿಯಾ ಒಂದು ಹೆಜ್ಜೆ ಮುಂದಿಟ್ಟಿದೆ. 2025ರ ಜನವರಿ 1ರಿಂದ ಅಲ್ಲಿ ಡಿಜಿಟಲ್ ಸರಕಿಗೆ ‘ಖರೀದಿ’ ಎಂಬ ಪದ ಬಳಸಬೇಕಾದರೆ ಇದು ಪರವಾನಗಿ ಮಾತ್ರ ಎಂದು ಗ್ರಾಹಕರಿಗೆ ಎದ್ದು ಕಾಣುವಂತೆ ತಿಳಿಸಬೇಕು. ಶಾಶ್ವತವಾಗಿ ಇಳಿಸಿಟ್ಟುಕೊಳ್ಳಬಹುದಾದ ಕಡತ ಕೊಡುವವರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಕಾನೂನು ಮಾಡಿದವರಿಗೆ ವ್ಯತ್ಯಾಸ ಎಲ್ಲಿದೆ ಎಂಬುದು ಗೊತ್ತಿತ್ತು. ಗೇಮ್‌ಗಳ ಅಂಗಡಿ ಸ್ಟೀಮ್ 2024ರ ಅಕ್ಟೋಬರ್‌ನಲ್ಲೇ ಇಂಥ ಸೂಚನೆ ಹಾಕಿತು. ಯುರೋಪಿನಲ್ಲಿ ‘ದಿ ಕ್ರೂ’ ಪ್ರಕರಣದಿಂದ ನೊಂದವರು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಆಂದೋಲನ ಕಟ್ಟಿ, 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿದರು. ಎದುರು ದಿಕ್ಕಿನ ನಡೆಗಳೂ ಇವೆ: 2025ರ ಫೆಬ್ರುವರಿಯಲ್ಲಿ ಅಮೆಜಾನ್ ಕಿಂಡಲ್ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ಮೂಲಕ ಸಾಗಿಸುವ ಸೌಲಭ್ಯವನ್ನು ತೆಗೆಯಿತು.

ನಮ್ಮಲ್ಲಿ ಇದಕ್ಕೆಂದೇ ಮಾಡಿದ ನಿಯಮವಿಲ್ಲ, ಆದರೆ ಆಯುಧ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಅನುಚಿತ ಕರಾರು’ ಎಂಬ ಕಲ್ಪನೆಯನ್ನು ತಂದಿತು. ಸಕಾರಣವಿಲ್ಲದೆ ಒಂದು ಪಕ್ಷ ಏಕಪಕ್ಷೀಯವಾಗಿ ಕರಾರು ಮುರಿಯಬಹುದು ಎಂಬ ಷರತ್ತು ಅದರ ವ್ಯಾಖ್ಯೆಯಲ್ಲಿ ನೇರವಾಗಿಯೇ ಸೇರಿದೆ, ಅದರ ವಿರುದ್ಧ ರಾಜ್ಯ ಗ್ರಾಹಕ ಆಯೋಗಕ್ಕೆ ಹೋಗಬಹುದು. 2023ರ ನವೆಂಬರ್‌ನಲ್ಲಿ ಬಂದ ಮಾರ್ಗಸೂಚಿ ಆನ್‌ಲೈನ್ ಅಂಗಡಿಗಳ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿತು. ‘ಖರೀದಿಸಿ’ ಎಂಬ ಗುಂಡಿ ಹದಿನಾಲ್ಕನೆಯದಾಗಬೇಕು.

ಬೀಗ ತೆಗೆದರೆ ಉದ್ಯಮ ಮುಳುಗುತ್ತದೆ ಎಂಬ ವಾದಕ್ಕೆ ಉತ್ತರ ಈಗಾಗಲೇ ಸಿಕ್ಕಿದೆ. ಆ್ಯಪಲ್‌ನ ಐಟ್ಯೂನ್ಸ್ 2009ರಲ್ಲಿ ತನ್ನ ಎಲ್ಲ ಹಾಡುಗಳ ಬೀಗ ತೆಗೆಯಿತು, ಸಂಗೀತೋದ್ಯಮ ಮುಳುಗಲಿಲ್ಲ. ವೈಜ್ಞಾನಿಕ ಕಾದಂಬರಿಗಳ ಪ್ರಕಾಶಕ ಟಾರ್ 2012ರಿಂದ ಬೀಗವಿಲ್ಲದ ಇ-ಪುಸ್ತಕಗಳನ್ನೇ ಮಾರುತ್ತಿದೆ. ಬೀಗದ ಬದಲಿಗೆ ಕೊಂಡವರ ಹೆಸರನ್ನು ಪುಟಗಳಲ್ಲಿ ಅಚ್ಚೊತ್ತಿ ಕೊಡುವ ಕ್ರಮವಿದೆ. ನಮ್ಮ ಹೆಸರು ಇರುವ ಪ್ರತಿಯನ್ನು ಊರಿಗೆಲ್ಲ ಹಂಚಲು ನಮಗೇ ಸಂಕೋಚವಾಗುತ್ತದೆ. ಆದರೆ ಅದು ನಮ್ಮ ಬಳಿ ಇರುತ್ತದೆ, ಯಂತ್ರ ಬದಲಾದರೂ ತೆರೆಯುತ್ತದೆ.

ಕನ್ನಡಕ್ಕೆ ಇದು ಬೇರೆಯವರಿಗಿಂತ ಹೆಚ್ಚು ತುರ್ತಿನ ವಿಷಯ. 2016ರಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಆ ಕೊರತೆಯನ್ನು ತುಂಬಲು ಕನ್ನಡಿಗರೇ ಮೈಲ್ಯಾಂಗ್, ಋತುಮಾನದಂಥ ವೇದಿಕೆಗಳನ್ನು ಕಟ್ಟಿದರು. ಅವರ ಶ್ರಮದ ಮೇಲೆ ನನಗೆ ಗೌರವವಿದೆ. ಆ ಗೌರವದಿಂದಲೇ ಹೇಳುತ್ತೇನೆ: ಮೈಕ್ರೋಸಾಫ್ಟ್ ಅಂಗಡಿ ಮುಚ್ಚಿದರೆ ಎಲ್ಲರಿಗೂ ಹಣ ಮರಳಿಸುವ ಶಕ್ತಿ ಅದಕ್ಕಿತ್ತು. ಸಣ್ಣ ಭಾಷೆಯ ಸಣ್ಣ ಸಂಸ್ಥೆಗೆ ಅಂಥ ದಿನ ಬಂದರೆ ಓದುಗರ ಕೈಯಲ್ಲಿರುವ ಕಡತವೊಂದೇ ಆ ಪುಸ್ತಕಕ್ಕೂ ಬರೆದವರಿಗೂ ಆಸರೆ.

ಕಳೆದ ವರ್ಷದಿಂದ ನಾನು ಕನ್ನಡದ ಇ-ಪುಸ್ತಕ ಕೊಂಡಾಗಲೆಲ್ಲ ಪ್ರಕಾಶಕರಿಗೆ ಒಂದು ಪತ್ರ ಬರೆಯುತ್ತಿದ್ದೇನೆ. ರಸೀದಿಯನ್ನು ಲಗತ್ತಿಸಿ, ನನ್ನ ಹೆಸರು ಪ್ರತಿ ಪುಟದಲ್ಲೂ ಹಾಕಿ, ಬೀಗವಿಲ್ಲದ ಇಪಬ್ (ಇ-ಪುಸ್ತಕದ ಒಂದು ಮಾದರಿ) ಕಡತವೊಂದನ್ನು ಕಳಿಸಲು ಸಾಧ್ಯವೇ ಎಂದು ಕೇಳುತ್ತೇನೆ. ಕೆಲವರು ಉತ್ತರಿಸಿಲ್ಲ. ಇಬ್ಬರು ಕಳಿಸಿದ್ದಾರೆ. ಹಿರಿಯ ಪ್ರಕಾಶಕರೊಬ್ಬರು ಫೋನ್ ಮಾಡಿ, ಲೇಖಕರನ್ನು ಕೇಳಿ ಹೇಳುತ್ತೇನೆ, ಇಷ್ಟು ವರ್ಷಗಳಲ್ಲಿ ಹೀಗೆ ಕೇಳಿದವರು ನೀವೇ ಮೊದಲಿಗರು ಎಂದರು.